ಏನನ್ನು ಮೀರಿದ್ದು?

ಮಂಡ್ಯ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಕ್ಷೇಮ. ಮೈಸೂರಿನ ರಾತ್ರಿ ಪಾಳಿ ನಿನಗೆ ಒಗ್ಗಿತೆಂದು ತಿಳಿದು ಸಮಾಧಾನವಾಯಿತು. ಸುದ್ದಿಮನೆಯ ಕೆಲಸದಲ್ಲಿ ಊಟದ ಹೊತ್ತು ತಪ್ಪುವುದು ಸಹಜ, ಆದರೆ ಅದನ್ನೇ ರೂಢಿ ಮಾಡಿಕೊಳ್ಳಬೇಡ.

‘ಮೀರು’ ಎಂಬ ಕ್ರಿಯಾಪದದ ಬಗ್ಗೆ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಒಂದೇ ಪುಟದಲ್ಲಿ ‘ನಿಯಮ ಮೀರಿದ ಗುತ್ತಿಗೆದಾರ’ನೂ ಇರುತ್ತಾನೆ, ‘ನಿರೀಕ್ಷೆ ಮೀರಿದ ಫಲಿತಾಂಶ’ವೂ ಇರುತ್ತದೆ. ಒಂದು ದೂರು, ಇನ್ನೊಂದು ಮೆಚ್ಚುಗೆ. ಹಾಗಾದರೆ ಈ ಪದ ಯಾವ ಕಡೆಯದು ಎಂಬುದು ನಿನ್ನ ಪ್ರಶ್ನೆ. ಯಾವ ಕಡೆಯದೂ ಅಲ್ಲ. ಗೊತ್ತಾದ ಒಂದು ಅಳತೆಯ ಆಚೆಗೆ ಹೋಯಿತು ಎಂದಷ್ಟೇ ಅದು ಹೇಳುತ್ತದೆ. ಆ ಅಳತೆ ಯಾವುದು, ಅದನ್ನು ಗೊತ್ತು ಮಾಡಿದವರು ಯಾರು ಎನ್ನುವುದರ ಮೇಲೆ ಹೊಗಳಿಕೆ ತೆಗಳಿಕೆ ಎರಡೂ ನಿಂತಿವೆ. ಆದ್ದರಿಂದ ‘ಮೀರಿ’ ಎಂದು ಬೆರಳಚ್ಚಿಸುವ ಪ್ರತಿ ಸಲವೂ ‘ಏನನ್ನು?’ ಎಂದು ಕೇಳಿಕೋ. ಉತ್ತರ ವಾಕ್ಯದೊಳಗೇ ಇರಬೇಕು. ಇಲ್ಲದಿದ್ದರೆ ವಾಕ್ಯ ಇನ್ನೂ ಬೆಂದಿಲ್ಲ.

ಪದ ಅಚ್ಚ ದ್ರಾವಿಡ. ತಮಿಳಿನಲ್ಲೂ ತೆಲುಗಿನಲ್ಲೂ ಇದೇ ಧಾತು ಇದೇ ಅರ್ಥದಲ್ಲಿ ಇವತ್ತಿಗೂ ಬಳಕೆಯಲ್ಲಿದೆ; ತೆಲುಗಿನವರೂ ‘ಮಿತಿಮೀರಿನ’ ಅನ್ನುತ್ತಾರೆ. ಹಳಗನ್ನಡದಲ್ಲಿ ಇದರ ಕಾಗುಣಿತ ‘ಮೀಱು’. ಱ ಅಕ್ಷರ ಬಿದ್ದುಹೋದ ಮೇಲೆ ನಮಗೆ ‘ಮೀರು’ ಉಳಿಯಿತು.

ಮೊದಲು ವ್ಯಾಕರಣ ನೋಡೋಣ, ಏಕೆಂದರೆ ತಪ್ಪುಗಳು ಹುಟ್ಟುವುದು ಅಲ್ಲೇ. ಈ ಕ್ರಿಯಾಪದ ಸಕರ್ಮಕವೂ ಹೌದು, ಅಕರ್ಮಕವೂ ಹೌದು. ‘ಚಾಲಕ ವೇಗಮಿತಿಯನ್ನು ಮೀರಿದ’ ಎಂಬಲ್ಲಿ ಮೀರಿದವನು ಚಾಲಕ, ಮೀರಲ್ಪಟ್ಟದ್ದು ವೇಗಮಿತಿ. ‘ಹೊತ್ತು ಮೀರಿತು’ ಎಂಬಲ್ಲಿ ಹೊತ್ತೇ ಕರ್ತೃ, ಯಾರೂ ಏನನ್ನೂ ಮಾಡಿಲ್ಲ. ನಮ್ಮ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತವರು ‘ಪಾಕ ಹದ ಮೀರೋಯ್ತು’ ಅನ್ನುವುದು ಈ ಎರಡನೆಯ ಬಗೆ. ಇಳಿಸುವುದು ತಡವಾಗಿ ಬೆಲ್ಲ ಕಪ್ಪಾಯಿತು ಎಂದರ್ಥ; ಬೆಂಕಿ ಹಾಕುವವನ ಮೇಲೆ ನೇರ ಆರೋಪ ಅದರಲ್ಲಿಲ್ಲ. ‘ಕಟಾವಿನ ಅವಧಿ ಮೀರಿದ ಕಬ್ಬು’, ‘ನಾಟಿಯ ವಯಸ್ಸು ಮೀರಿದ ಪೈರು’ ಕೂಡ ಹೀಗೆಯೇ. ಕಬ್ಬು ಅವಧಿ ಮೀರಿ ಸೂಲಂಗಿ (ತುದಿಯ ಹೂವು) ಬಿಟ್ಟು ತೂಕ ಇಳಿದರೆ ನಷ್ಟ ರೈತನದು. ಕಡಿಯಲು ಅನುಮತಿ ಕೊಡದೆ ತಡ ಮಾಡಿದವರು ಯಾರೆಂಬುದು ಈ ವಾಕ್ಯದಲ್ಲಿ ಕಾಣುವುದಿಲ್ಲ. ಕಾಣಬೇಕಾದರೆ ನೀನು ಇನ್ನೊಂದು ವಾಕ್ಯ ಬರೆಯಬೇಕು. ಕಚೇರಿಯ ಪತ್ರಗಳಲ್ಲಿ ‘ಅವಧಿ ಮೀರಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂದಿರುತ್ತದೆ. ಅವಧಿಯ ಕೊನೆಯ ದಿನ ಯಾವುದು, ಅರ್ಜಿ ಬಂದ ದಿನ ಯಾವುದು, ಎರಡನ್ನೂ ಕೇಳಿ ಬರೆದರೆ ಮಾತ್ರ ಅದು ಸುದ್ದಿ.

ಈ ಎರಡು ಬಗೆ ಕಲಸಿಹೋದಾಗ ‘ಕಾಮಗಾರಿಯಲ್ಲಿ ನಿಯಮ ಮೀರಿದೆ’ ಎಂಬಂಥ ವಾಕ್ಯ ಬರುತ್ತದೆ. ನಿಯಮ ತಾನೇ ಎದ್ದು ಎಲ್ಲಿಗೋ ಹೋಯಿತೆಂಬ ಅರ್ಥ ಕೊಡುವ ವಾಕ್ಯ ಇದು. ‘ನಿಯಮ ಮೀರಿದ್ದಾರೆ’ ಅನ್ನು, ಅಥವಾ ಮೀರಿದವರು ಯಾರೆಂದು ಇನ್ನೂ ಗೊತ್ತಿಲ್ಲದಿದ್ದರೆ ‘ನಿಯಮ ಮೀರಲಾಗಿದೆ’ ಅನ್ನು. ಕರ್ಮಣಿ ಪ್ರಯೋಗ ಕನ್ನಡಕ್ಕೆ ಅಷ್ಟೇನೂ ಹಿತವಲ್ಲ, ಆದರೂ ಕರ್ತೃ ತಿಳಿಯದ ಕಡೆ ಅದೇ ಪ್ರಾಮಾಣಿಕ.

ಇನ್ನೊಂದು ಸೂಕ್ಷ್ಮವನ್ನು ನಿಧಾನವಾಗಿ ಗಮನಿಸು. ‘ಕಾಲ ಮೀರಿದ ಅರ್ಜಿ’ ಎಂದರೆ ತಡವಾಗಿ ಬಂದದ್ದು, ಕಸದ ಬುಟ್ಟಿಗೆ ಹೋಗುವಂಥದ್ದು. ‘ಕಾಲವನ್ನು ಮೀರಿದ ಕಾವ್ಯ’ ಎಂದರೆ ಎಂದೆಂದಿಗೂ ನಿಲ್ಲುವಂಥದ್ದು. ‘ವಯಸ್ಸು ಮೀರಿದ ಅಭ್ಯರ್ಥಿ’ಗೆ ಕೆಲಸ ಸಿಗುವುದಿಲ್ಲ, ‘ವಯಸ್ಸನ್ನು ಮೀರಿದ ಪ್ರೌಢಿಮೆ’ ಇರುವ ಹುಡುಗಿಯನ್ನು ಊರೇ ಮೆಚ್ಚುತ್ತದೆ. ನಾಮಪದ ಅದೇ, ಕ್ರಿಯಾಪದ ಅದೇ. ನಡುವಿನ ‘ಅನ್ನು’ ಪ್ರತ್ಯಯ ಇಡೀ ಅರ್ಥವನ್ನು ತಿರುಗಿಸಿಬಿಟ್ಟಿದೆ. ಪ್ರತ್ಯಯ ಬಿದ್ದಾಗ ನಾಮಪದವೂ ಕ್ರಿಯಾಪದವೂ ಅಂಟಿಕೊಂಡು ‘ಗಡುವು ಮುಗಿದದ್ದು’ ಎಂಬ ಒಂದೇ ಅಡಕ ಅರ್ಥ ಬರುತ್ತದೆ. ಪ್ರತ್ಯಯ ಇದ್ದಾಗ ಕಾಲವೋ ವಯಸ್ಸೋ ಎದುರಿಗೆ ನಿಂತ ಎಲ್ಲೆಯಾಗುತ್ತದೆ, ಅದನ್ನು ಹಿಂದೆ ಹಾಕಿದ ಕಸುವು ಕಾಣುತ್ತದೆ. ಎಲ್ಲ ಪದಗಳಿಗೂ ಇದು ಹೊಂದುವುದಿಲ್ಲ. ‘ನಿರೀಕ್ಷೆ ಮೀರಿದ’ ಎಂಬುದಕ್ಕೆ ಪ್ರತ್ಯಯ ಇಲ್ಲದಿದ್ದರೂ ಮೆಚ್ಚುಗೆಯೇ. ಆದರೆ ಹೊತ್ತು, ಕಾಲ, ವಯಸ್ಸು, ಅವಧಿ ಇವುಗಳ ಹತ್ತಿರ ಬಂದಾಗ ಜಾಗ ಉಳಿಸಲೆಂದು ‘ಅನ್ನು’ವನ್ನು ಕತ್ತರಿಸಬೇಡ. ಶೀರ್ಷಿಕೆಯಲ್ಲಿ ಎರಡು ಅಕ್ಷರ ಉಳಿಯುತ್ತದೆ, ಕವಿಯ ಮಾನ ಹೋಗುತ್ತದೆ.

‘ಮೀರಿಸು’ ಬೇರೆಯೇ. ‘ಇಸು’ ಪ್ರತ್ಯಯ ಸಾಮಾನ್ಯವಾಗಿ ಪ್ರೇರಣಾರ್ಥಕ: ಮಾಡು–ಮಾಡಿಸು, ಓದು–ಓದಿಸು. ಆ ಲೆಕ್ಕದಲ್ಲಿ ‘ಮೀರಿಸು’ ಎಂದರೆ ಮೀರುವಂತೆ ಮಾಡು ಎಂದಾಗಬೇಕಿತ್ತು. ಆಗಿಲ್ಲ. ಸಾಟಿಯಾದವರನ್ನು ಒಂದು ಗುಣದಲ್ಲಿ ಹಿಂದೆ ಹಾಕು ಎಂಬ ಅರ್ಥದಲ್ಲಿ ಅದು ನೆಲೆನಿಂತಿದೆ. ‘ಓಟದಲ್ಲಿ ಅಕ್ಕನನ್ನು ಮೀರಿಸಿದಳು’, ‘ಪರಿಮಳದಲ್ಲಿ ಮೈಸೂರು ಮಲ್ಲಿಗೆಯನ್ನು ಮೀರಿಸುವ ಹೂವಿಲ್ಲ’. ಇಲ್ಲಿ ಎರಡು ಅಂಗ ಬೇಕು: ಯಾರನ್ನು ಎಂಬುದು ದ್ವಿತೀಯೆಯಲ್ಲಿ, ಯಾವುದರಲ್ಲಿ ಎಂಬುದು ಸಪ್ತಮಿಯಲ್ಲಿ. ಎರಡನೆಯದನ್ನು ಬಿಟ್ಟರೆ ಬರಿಯ ಉಬ್ಬರದ ಮಾತಾಗುತ್ತದೆ. ಈಗ ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡು. ‘ಅಪ್ಪನ ಮಾತು ಮೀರಿದ’ ಅವಿಧೇಯತೆ. ‘ಅಪ್ಪನನ್ನು ಮೀರಿಸಿದ’ ಅಪ್ಪನಿಗೂ ಹೆಮ್ಮೆ. ‘ಅಪ್ಪನನ್ನು ಮೀರಿದ’ ಎಂಬುದು ಎರಡರಲ್ಲಿ ಯಾವುದೂ ಆಗಬಹುದು. ಸುದ್ದಿಯ ಬರಹದಲ್ಲಿ ಅದನ್ನು ಬಳಸಲೇಬೇಡ. ಮಿತಿ, ನಿಯಮ, ಗಡುವುಗಳಿಗೆ ‘ಮೀರಿಸು’ ಹಚ್ಚುವಂತಿಲ್ಲ. ‘ಮಿತಿ ಮೀರಿಸಿದರು’ ತಪ್ಪು.

ಸಂಖ್ಯೆಗಳ ವಿಷಯಕ್ಕೆ ಬರುತ್ತೇನೆ. ನಿನ್ನ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು.

‘ಮೀರು’ ಎಲ್ಲೆಯನ್ನು ಮುಟ್ಟಿ ನಿಂತದ್ದನ್ನು ಒಳಗೊಳ್ಳುವುದಿಲ್ಲ; ಎಲ್ಲೆಯ ಆಚೆಗೆ ಒಂದು ಕೂದಲೆಳೆಯಾದರೂ ಹೋಗಿರಬೇಕು. ಇದರ ನಿಷೇಧರೂಪ ‘ಮೀರದ’, ‘ಮೀರದಂತೆ’ ಎಲ್ಲೆಯನ್ನು ಒಳಗೊಳ್ಳುತ್ತದೆ. ‘30 ದಿನ ಮೀರದಂತೆ ಉತ್ತರಿಸಬೇಕು’ ಎಂದರೆ ಮೂವತ್ತನೆಯ ದಿನ ಬಂದ ಉತ್ತರ ಸರಿಯಾದ ಉತ್ತರ. ‘ಒಂದು ಸಾವಿರ ರೂಪಾಯಿ ಮೀರದ ಜುಲ್ಮಾನೆ’ ಎಂದರೆ ಪೂರಾ ಸಾವಿರ ಹಾಕಬಹುದು. ನೇಮಕಾತಿ ಪ್ರಕಟಣೆಯಲ್ಲಿ ‘35 ವರ್ಷ ಮೀರಿರಬಾರದು’ ಎಂದಿದ್ದರೆ, ಗೊತ್ತುಪಡಿಸಿದ ದಿನಕ್ಕೆ ಸರಿಯಾಗಿ 35 ತುಂಬುವವನು ಅರ್ಹ, ಮಾರನೆಯ ದಿನಕ್ಕೆ ಅವನು ಮೀರಿದವನು. ‘35 ವರ್ಷ ತುಂಬಿರಬಾರದು’ ಎಂದಿದ್ದರೆ ಅವನು ಅನರ್ಹ. ಇವೆರಡನ್ನೂ ‘35ರೊಳಗಿನವರು’ ಎಂದು ಒಂದೇ ಮಾತಿಗೆ ಇಳಿಸಿದರೆ, ಒಂದು ದಿನದ ಅಂತರದಲ್ಲಿ ಯಾರದೋ ಮನೆಯ ಮಗ ಅರ್ಜಿ ಹಾಕದೆ ಉಳಿಯುತ್ತಾನೆ. ಮತದಾರರ ಪಟ್ಟಿಯ ಸುದ್ದಿಯಲ್ಲಿ ‘18 ವರ್ಷ ಮೀರಿದವರು’ ಎಂದು ಬರೆಯುವವರಿದ್ದಾರೆ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಾಗಿನಿಂದ ಸಂವಿಧಾನ ಕೇಳುವುದು 18ಕ್ಕೆ ಕಡಿಮೆಯಿಲ್ಲದ ವಯಸ್ಸನ್ನು. ‘18 ತುಂಬಿದವರು’ ಎಂಬುದು ಸರಿ.

ಮಳೆಗಾಲ ಬಂದರೆ ಕನ್ನಂಬಾಡಿಯ ಸುದ್ದಿ ನಿನ್ನ ಮೇಜಿಗೆ ಬಂದೇ ಬರುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ನೀರು ಅಲ್ಲಿಗೆ ‘ತಲುಪುತ್ತದೆ’, ‘ಮುಟ್ಟುತ್ತದೆ’, ಜಲಾಶಯ ‘ತುಂಬುತ್ತದೆ’. ಅದು ‘ಗರಿಷ್ಠ ಮಟ್ಟ ಮೀರಿತು’ ಎಂದು ಬರೆದರೆ ಕಟ್ಟೆಗೇ ಅಪಾಯ ಬಂತೆಂದು ಓದಬೇಕಾಗುತ್ತದೆ. ಹಾಗಾಗದಿರಲೆಂದೇ ಒಳಹರಿವು ನೋಡಿಕೊಂಡು ಮೊದಲೇ ಗೇಟು ತೆರೆಯುತ್ತಾರೆ. ಆದರೆ ಗೇಟಿನಿಂದಾಚೆ, ನದಿಯ ಪಾತ್ರದಲ್ಲಿ, ‘ಅಪಾಯದ ಮಟ್ಟ ಮೀರಿ ಹರಿಯುತ್ತಿದೆ’ ಎಂಬುದು ಸರಿಯಾದ ಪ್ರಯೋಗ. ಶ್ರೀರಂಗಪಟ್ಟಣದಲ್ಲಿ 1804ರ ವೆಲ್ಲೆಸ್ಲಿ ಸೇತುವೆಯ ಹತ್ತಿರ ನೀರು ಏರುವುದು, ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲುವುದು, ಗಂಜಾಂನ ನಿಮಿಷಾಂಬ ದೇವಾಲಯದ ಸ್ನಾನಘಟ್ಟ ಮುಳುಗುವುದು ಆಗಲೇ. ಜಲಾಶಯಕ್ಕೆ ಒಂದು ಕ್ರಿಯಾಪದ, ನದಿಗೆ ಇನ್ನೊಂದು. ನದಿದಂಡೆಯ ಜನ ಆ ಸಾಲು ಓದಿ ದನಕರು ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ, ಆದ್ದರಿಂದ ಇದು ಬರಿಯ ಭಾಷೆಯ ಚೊಕ್ಕತನದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎಷ್ಟು ಕ್ಯುಸೆಕ್ ಬಿಡುತ್ತಿದ್ದಾರೆ ಎಂಬ ಅಂಕಿಯನ್ನೂ ಪಕ್ಕದಲ್ಲೇ ಕೊಡು.

ಒಂದೇ ವಿಷಯಕ್ಕೆ ಎರಡು ಮಿತಿಗಳಿರುವುದೂ ಉಂಟು. ಕುಡಿಯುವ ನೀರಿನ ಫ್ಲೋರೈಡ್‌ಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 1.5ರವರೆಗೆ ಒಪ್ಪಬಹುದು ಎನ್ನುತ್ತದೆ. ಕೊಳವೆಬಾವಿಯೊಂದರ ನೀರಿನಲ್ಲಿ 1.3 ಬಂದರೆ ಅದು ‘ಮಿತಿ ಮೀರಿದೆ’ಯೋ ಇಲ್ಲವೋ? ಮೊದಲನೆಯದನ್ನು ಮೀರಿದೆ, ಎರಡನೆಯದನ್ನು ಮೀರಿಲ್ಲ. ಅಧಿಕಾರಿ ಎರಡನೆಯದನ್ನು ಹೇಳುತ್ತಾರೆ, ಊರಿನವರು ಮೊದಲನೆಯದನ್ನು. ನೀನು ಎರಡೂ ಅಂಕಿ ಕೊಟ್ಟು, ಯಾವ ಮಿತಿ ಎಂದು ಹೆಸರಿಸಿ ಬರೆ. ಧ್ವನಿವರ್ಧಕದ ಗಲಾಟೆಯ ಸುದ್ದಿಯೂ ಹಾಗೆಯೇ: ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಅಳೆಯದೆ ‘ಮಿತಿಮೀರಿದ ಸದ್ದು’ ಎನ್ನುವಂತಿಲ್ಲ. ‘ಕಿವಿಗಡಚಿಕ್ಕುವ ಸದ್ದು’ ಅಂದುಕೋ, ಅದು ಕೇಳಿದವರ ಅನುಭವ, ಅದಕ್ಕೆ ಮೀಟರು ಬೇಡ.

ಇದೇ ಕಾರಣಕ್ಕೆ ‘ಮಿತಿಮೀರಿ’ಯನ್ನು ‘ತುಂಬಾ’ ಎಂಬುದರ ಬದಲಿ ಪದವಾಗಿ ಬಳಸುವುದು ನನಗೆ ಹಿಡಿಸುವುದಿಲ್ಲ. ಮಿತಿ ಎಂಬುದು ಅಳತೆಯಿಂದ ಬಂದ ಪದ; ಅಳತೆ ಇಲ್ಲದ ಕಡೆ ಮಿತಿ ಇಲ್ಲ, ಮಿತಿ ಇಲ್ಲದ ಕಡೆ ಮೀರುವುದೂ ಇಲ್ಲ. ‘ಮಿತಿಮೀರಿದ ಚಳಿ’, ‘ಮಿತಿಮೀರಿದ ಸಂತೋಷ’ ಇವೆಲ್ಲ ಅವಸರದ ಬರಹ. ಅಪಘಾತದ ವರದಿಗಳಲ್ಲಿ ‘ಅತಿವೇಗ’ ಎಂದಿರುತ್ತದೆ, ಅದನ್ನು ‘ಮಿತಿಮೀರಿದ ವೇಗ’ ಎಂದು ತಿದ್ದಬೇಡ. ಅತಿವೇಗ ಎಂಬುದು ನೋಡಿದವರ ಅಥವಾ ಪೊಲೀಸರ ಅಭಿಪ್ರಾಯ. ವೇಗಮಿತಿ ಮೀರಿದ್ದು ಅಳೆದು ಹೇಳುವ ಸಂಗತಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಮಳೆಯಲ್ಲಿ 90ರಲ್ಲಿ ಹೋದವನದೂ ಅತಿವೇಗ ಆಗಬಹುದು, ಆದರೆ ಅವನು ಮಿತಿ ಮೀರಿಲ್ಲ. ಹಾಗೆಯೇ ‘100 ಕಿಲೋಮೀಟರ್ ಮೀರಿ’ ಎಂದು ಗಟ್ಟಿಯಾಗಿ ಓದಿ ನೋಡು, ನಾಲಿಗೆ ತೊಡರುತ್ತದೆ. ‘ಗಂಟೆಗೆ 100 ಕಿ.ಮೀ. ದಾಟಿ’ ಅನ್ನು.

‘ದಾಟು’ ಎಂಬುದು ಮೀರುವಿನ ನೆರೆಯ ಪದ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಎಲ್ಲ ಕಡೆ ಕೂರುವುದಿಲ್ಲ. ಹೊಳೆ, ಗಡಿ, ಹೊಸ್ತಿಲು ಇವುಗಳನ್ನು ದಾಟುತ್ತೇವೆ. ಮಾತು, ಆಣೆ, ಅಪ್ಪಣೆ ಇವುಗಳನ್ನು ಮೀರುತ್ತೇವೆ. ಎಣಿಕೆಯಲ್ಲಿ ಬರುವ ಮೈಲಿಗಲ್ಲಿಗೆ ದಾಟು ಹೊಂದುತ್ತದೆ, ಇಷ್ಟೇ ಇರಬೇಕೆಂದು ಕಟ್ಟು ಹಾಕಿದ ಅಂಕಿಗೆ ಮೀರು. 50 ಆಸನಗಳ ಬಸ್ಸಿನಲ್ಲಿ 80 ಜನ ಇದ್ದರೆ ಆಸನಮಿತಿ ಮೀರಿದೆ. ‘ನೂರು ವರ್ಷ ಮೀರಿದ ಅಜ್ಜಿ’ ಎಂದರೆ ಅಜ್ಜಿ ಇಷ್ಟು ದಿನ ಇರಬಾರದಿತ್ತು ಎಂದು ಕೇಳಿಸುತ್ತದೆ. ಆ ತಾಯಿಯ ಚಿತ್ರದ ಕೆಳಗೆ ‘ನೂರು ದಾಟಿದ’, ‘ನೂರು ತುಂಬಿದ’ ಎಂದು ಬರೆ. ಸಭೆಗೆ ಬಂದ ಜನರ ಲೆಕ್ಕಕ್ಕೆ ‘ಸಾವಿರಕ್ಕೂ ಮಿಕ್ಕಿ’ ಎಂಬ ಹಳೆಯ ಪ್ರಯೋಗ ಈಗಲೂ ಚೆನ್ನ. ಊರಿನ ಆಚೆ ಎಂಬ ಅರ್ಥದಲ್ಲಿ ‘ಮದ್ದೂರನ್ನು ಮೀರಿ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ‘ಮದ್ದೂರು ದಾಟಿದ ಮೇಲೆ’, ‘ಮದ್ದೂರಿನಾಚೆ’. ‘ಇದನ್ನು ಮೀರಿ ಇನ್ನೂ ಮೂರು ಬೇಡಿಕೆಗಳಿವೆ’ ಎಂಬುದೂ ಅನುವಾದದ ವಾಸನೆ, ‘ಇದಲ್ಲದೆ’ ಸಾಕು. ಒಂದು ವಾಕ್ಯವನ್ನಂತೂ ಮರೆಯದೆ ನೆನಪಿಡು: ‘ಕಾನೂನು ಮೀರಿದವರು ಯಾರೂ ಇಲ್ಲ’ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಅಕ್ಷರಶಃ ನೋಡಿದರೆ ಕಾನೂನನ್ನು ಇದುವರೆಗೆ ಯಾರೂ ಮುರಿದೇ ಇಲ್ಲ ಎಂದಾಯಿತು. ಹೇಳಬೇಕಾದದ್ದು ‘ಕಾನೂನಿಗಿಂತ ಮಿಗಿಲಾದವರು ಯಾರೂ ಇಲ್ಲ’ ಎಂದು.

ಎಲ್ಲೆಯನ್ನು ಹೇಳುವ ಪದಗಳನ್ನೂ ಸ್ವಲ್ಪ ತೂಗಿ ನೋಡಬೇಕು. ಎಲ್ಲೆ, ಮೇರೆ, ಗಡಿ, ಸೀಮೆ, ಮಿತಿ, ಹದ್ದು. ‘ಹದ್ದು ಮೀರಿದ ವರ್ತನೆ’ ಎಂಬಲ್ಲಿನ ಹದ್ದಿಗೂ ಆಕಾಶದ ಹಕ್ಕಿಗೂ ಸಂಬಂಧವಿಲ್ಲ. ಅದು ಅರಬ್ಬಿ ಮೂಲದ್ದು, ಗಡಿ ಎಂದರ್ಥ. ಸರಹದ್ದು, ಹದ್ದುಬಸ್ತು ಎರಡರಲ್ಲೂ ಅದೇ ಇದೆ. ಬಸ್ತು ಎಂದರೆ ಕಟ್ಟು. ತಾಲ್ಲೂಕು ಕಚೇರಿಯ ಭೂಮಾಪನ ವಿಭಾಗಕ್ಕೆ ರೈತರು ‘ಹದ್ದುಬಸ್ತು’ ಅರ್ಜಿ ಕೊಡುವುದು ತಮ್ಮ ಸರ್ವೆ ನಂಬರಿನ ಗಡಿಯನ್ನು ಅಳೆಸಿ ಗುರುತು ಹಾಕಿಸಿಕೊಳ್ಳಲು. ಮಾತಿನಲ್ಲಿ ‘ಹದ್ದುಬಸ್ತಿನಲ್ಲಿಡು’ ಎಂಬುದು ಅಲ್ಲಿಂದಲೇ ಬಂತು. ಇಷ್ಟಾದರೂ ಜಮೀನಿನ ಜಗಳದಲ್ಲಿ ‘ಮೀರು’ ಬರುವುದಿಲ್ಲ, ಇದು ಸೋಜಿಗ. ಪಕ್ಕದವನು ಒಂದು ಗುಂಟೆ ಒಳಕ್ಕೆ ಬಂದರೆ ‘ಬದು ಮೀರಿದ’ ಎನ್ನುವುದಿಲ್ಲ, ‘ಬದು ಒತ್ತಿದ’ ಎನ್ನುತ್ತಾರೆ. ಒತ್ತುವರಿ ಹುಟ್ಟಿದ್ದು ಆ ಒತ್ತುವಿನಿಂದ. ಕೆರೆ ಒತ್ತುವರಿ, ರಾಜಕಾಲುವೆ ಒತ್ತುವರಿ ಎಂಬ ಅಚ್ಚಗನ್ನಡದ ಮಾತು ಇರುವಾಗ ‘ಅತಿಕ್ರಮಣ’ ಎಂದು ಬರೆಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ‘ಅತಿಕ್ರಮ ಪ್ರವೇಶ’ ಎಂಬ ಬೋರ್ಡಿನ ಮಾತು ಬೇರೆ, ಅದು ಕಾನೂನಿನ ನುಡಿಗಟ್ಟು, ಇರಲಿ.

‘ಮೇರೆ’ ಕುರಿತು ಒಂದು ಎಚ್ಚರಿಕೆ. ‘ಜಿಲ್ಲಾಧಿಕಾರಿಗಳ ಆದೇಶದ ಮೇರೆಗೆ’ ಎಂದರೆ ಆದೇಶದ ಎಲ್ಲೆಯೊಳಗೆ, ಅದರ ಪ್ರಕಾರ. ‘ಆದೇಶ ಮೀರಿ’ ಎಂದರೆ ಅದಕ್ಕೆ ವಿರುದ್ಧ. ಅವಸರದಲ್ಲಿ ಒಂದು ಅಕ್ಷರ ಅತ್ತಿತ್ತಾದರೂ ಸುದ್ದಿ ತಲೆಕೆಳಗಾಗುತ್ತದೆ. ಕರಡು ತಿದ್ದುವಾಗ ಈ ಜೋಡಿಯ ಮೇಲೆ ಕಣ್ಣಿಡು. ‘ಮರ್ಯಾದೆ’ಯೂ ಸಂಸ್ಕೃತದಲ್ಲಿ ಮೂಲತಃ ಗಡಿಯೇ. ನಮ್ಮಲ್ಲಿ ಗೌರವ ಎಂಬ ಅರ್ಥಕ್ಕೆ ಸರಿದಿದ್ದರೂ ‘ಮರ್ಯಾದೆ ಮೀರಬೇಡ’ ಎಂಬಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ.

ಸಂಸ್ಕೃತದ ಕಡೆಯಿಂದ ಬಂದ ‘ಉಲ್ಲಂಘನೆ’ಯ ಒಳಗೆ ಜಿಗಿಯುವ ಕ್ರಿಯೆ ಇದೆ, ಹನುಮಂತನ ಸಮುದ್ರೋಲ್ಲಂಘನ ನೆನಪಿಸಿಕೊಂಡರೆ ಮಹಾಪ್ರಾಣ ಘಕಾರ ಮರೆಯುವುದಿಲ್ಲ. ಕಾನೂನು, ಒಪ್ಪಂದ, ನೀತಿಸಂಹಿತೆಗಳಿಗೆ ಈ ಪದ ಸರಿ. ‘ಉಲ್ಲಂಘನೆ ಮಾಡಿದ್ದಾರೆ’ ಎಂದು ಎಳೆಯದೆ ‘ಉಲ್ಲಂಘಿಸಿದ್ದಾರೆ’ ಅನ್ನು. ತೀರ್ಪು ಬರುವವರೆಗೆ ‘ಉಲ್ಲಂಘಿಸಿದ ಆರೋಪ’ ಎಂಬುದನ್ನು ಬಿಡಬೇಡ. ನೀನಿರುವ ಊರಿನಲ್ಲಿ ಇದೇ ಪದ ವರ್ಷಕ್ಕೊಮ್ಮೆ ಮಂಗಳಕರವಾಗುವುದನ್ನೂ ನೋಡಬಹುದು. ವಿಜಯದಶಮಿಯಂದು ಅರಸರು ಬನ್ನಿಮರವನ್ನು ಪೂಜಿಸಿ ರಾಜ್ಯದ ಎಲ್ಲೆ ದಾಟುವ ಸಂಕೇತವಾಗಿ ನಡೆಸುತ್ತಿದ್ದ ವಿಧಿಯ ಹೆಸರು ‘ಸೀಮೋಲ್ಲಂಘನ’. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಇವತ್ತಿಗೂ ಜಂಬೂಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪಕ್ಕೇ ಹೋಗುತ್ತದೆ. ಸೀಮಾ ಮತ್ತು ಉಲ್ಲಂಘನ ಸೇರಿ ಗುಣಸಂಧಿ. ದಸರಾ ಪುರವಣಿಯಲ್ಲಿ ಇದನ್ನು ‘ಸೀಮಾಲಂಘನ’ ಎಂದೆಲ್ಲ ಬರೆಯಬೇಡ.

‘ಅತೀತ’ ಸೇರಿದ ಪದಗಳ ಕಾಗುಣಿತ ತಪ್ಪುವುದೂ ಸಂಧಿಯಲ್ಲೇ. ಪಕ್ಷ ಮತ್ತು ಅತೀತ ಪಕ್ಷಾತೀತ, ಕಾಲ ಮತ್ತು ಅತೀತ ಕಾಲಾತೀತ: ಅಕಾರಕ್ಕೆ ಅಕಾರ ಸೇರಿ ದೀರ್ಘ. ಆದರೆ ಜಾತಿ ಇಕಾರಾಂತ. ಅಲ್ಲಿ ಯಣ್ ಸಂಧಿ, ದೀರ್ಘ ಬರುವುದಿಲ್ಲ: ಜಾತ್ಯತೀತ. ‘ಜಾತ್ಯಾತೀತ’ ತಪ್ಪು. ನಮ್ಮ ಜಿಲ್ಲೆಯ ರಾಜಕೀಯ ಸುದ್ದಿ ನೋಡುವವರಿಗೆ ದಿನಬೆಳಗಾದರೆ ಬೇಕಾಗುವ ಪದ ಇದು, ಬೆರಳಿಗೆ ಅಭ್ಯಾಸವಾಗಲಿ. ಅತಿಕ್ರಮಣ ಮತ್ತು ಆಕ್ರಮಣವನ್ನು ಅದಲುಬದಲು ಮಾಡಬೇಡ; ಎರಡರಲ್ಲೂ ಹೆಜ್ಜೆ ಇಡುವ ‘ಕ್ರಮ’ ಇದೆ, ಮೊದಲನೆಯದು ಗೆರೆಯಾಚೆ ಇಡುವ ಹೆಜ್ಜೆ, ಎರಡನೆಯದು ಮೇಲೆರಗಿ ಬರುವುದು.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತು. ‘ಕೈಮೀರು’ ಎಂಬ ಪದವನ್ನು ಜೋಪಾನವಾಗಿ ಬಳಸು. ಕೈಜಾರಿತು ಎಂದರೆ ಅಜಾಗರೂಕತೆ, ಕೈತಪ್ಪಿತು ಎಂದರೆ ಸಿಗಬೇಕಾದದ್ದು ಸಿಗಲಿಲ್ಲ, ಕೈಬಿಟ್ಟರು ಎಂದರೆ ಬೇಕೆಂದೇ ತೊರೆದರು, ಕೈಮೀರಿತು ಎಂದರೆ ಮಾಡುವಷ್ಟು ಮಾಡಿದರೂ ಹಿಡಿತಕ್ಕೆ ಸಿಗಲಿಲ್ಲ. ಅಧಿಕಾರಿಗಳು ‘ಪರಿಸ್ಥಿತಿ ಕೈಮೀರಿತು’ ಎಂದಾಗ ಅದು ಅವರ ಮಾತು, ಉದ್ಧರಣೆಯೊಳಗೆ ಹಾಕು. ಮಾಡುವಷ್ಟು ಮಾಡಿದ್ದರೇ ಎಂದು ಕೇಳುವುದು ನಿನ್ನ ಕೆಲಸ.

ಸಾಲದ ಬಾಧೆಯಿಂದ ರೈತನೊಬ್ಬ ತೀರಿಹೋದ ಸುದ್ದಿ ಬಂದಾಗ ‘ಶಕ್ತಿ ಮೀರಿ ಸಾಲ ಮಾಡಿದ್ದ’ ಎಂದು ಬರೆಯಬೇಡ. ಆ ವಾಕ್ಯದ ಕರ್ತೃ ಸತ್ತವನು, ತಪ್ಪೂ ಅವನದೇ ಆಗುತ್ತದೆ. ಉತ್ತರ ಹೇಳಲು ಅವನಿಲ್ಲ. ಕಬ್ಬಿನ ಬಾಕಿ ಬಂದಿತ್ತೇ, ನಾಲೆಗೆ ನೀರು ಬಂದಿತ್ತೇ, ಬಡ್ಡಿ ಎಷ್ಟಿತ್ತು ಎಂದು ಗೊತ್ತಿಲ್ಲದೆ ಅವನ ಶಕ್ತಿಯನ್ನು ಅಳೆಯಲು ನಮಗೆ ಅಧಿಕಾರವಿಲ್ಲ. ‘ಸಾಲ ಇಷ್ಟಿತ್ತು, ಇಂಥವರಿಂದ ಪಡೆದಿದ್ದ’ ಎಂದು ಬರೆ, ಅಷ್ಟು ಸಾಕು. ಪೌರಕಾರ್ಮಿಕರು ದಸರಾ ಸಮಯದಲ್ಲಿ ‘ಶಕ್ತಿ ಮೀರಿ ದುಡಿದರು’ ಎಂದು ಮೆಚ್ಚಿ ಬರೆಯುವವರು, ಅವರು ದಿನಕ್ಕೆ ಎಷ್ಟು ಗಂಟೆ ದುಡಿದರು ಎಂಬುದನ್ನೂ ಬರೆದರೆ ಮೆಚ್ಚುಗೆ ಬೇರೆಯೇ ಪ್ರಶ್ನೆಯಾಗುತ್ತದೆ. ಯಾರನ್ನು ಯಾರು ಶಕ್ತಿ ಮೀರಿ ದುಡಿಸಿಕೊಂಡರು ಎಂಬ ಪ್ರಶ್ನೆ ಅದು.

‘ಎಲ್ಲೆ ಮೀರಿದ ಹುಡುಗಿ’, ‘ಜಾತಿ ಮೀರಿದ ಮದುವೆ’ ಇಂಥ ಮಾತುಗಳಲ್ಲೂ ಎಲ್ಲೆ ಹಾಕಿದವರ ದನಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಪದ ಮೆಚ್ಚುಗೆಯದೇ ಇರಬಹುದು, ಆದರೆ ವರದಿಯಲ್ಲಿ ‘ಅಂತರ್ಜಾತಿ ವಿವಾಹ’ ಎಂದರೆ ಸಂಗತಿ ತಿಳಿಯಿತು. ಸಂಪಾದಕೀಯ ಪುಟದ ಲೇಖನದಲ್ಲಿ ‘ಜಾತಿಯನ್ನು ಮೀರಿ’ ಎಂದು ಒಬ್ಬರು ಹೆಮ್ಮೆಯಿಂದ ಬರೆದರೆ ಅದನ್ನು ಮುಟ್ಟಬೇಡ, ಅಲ್ಲಿ ಬರೆದವರ ನಿಲುವು ಇದೆ, ಹೆಸರೂ ಇದೆ.

ಸಂದೇಹ ಬಂದರೆ ನಿಘಂಟು ತೆಗೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಎರಡೂ ನಿನಗೆ ಮೈಸೂರಿನಲ್ಲಿ ಸುಲಭವಾಗಿ ಸಿಗುತ್ತವೆ, ಮಾನಸಗಂಗೋತ್ರಿಯಲ್ಲಿ ಕೇಳು. ‘ಮೀರು’ ಎಂಬಲ್ಲಿ ಸಿಗದಿದ್ದರೆ ‘ಮೀಱು’ ಎಂಬಲ್ಲಿ ಹುಡುಕು. ಅರ್ಥ ಓದಿ ಮುಚ್ಚಿಡಬೇಡ, ಕೆಳಗೆ ಕೊಟ್ಟಿರುವ ಪ್ರಯೋಗಗಳನ್ನು ಓದು. ಪ್ರತಿ ಪ್ರಯೋಗದಲ್ಲೂ ಮೀರಿದ್ದು ಯಾರು, ಮೀರಿದ್ದು ಏನನ್ನು ಎಂದು ಪೆನ್ಸಿಲಿನಲ್ಲಿ ನಿನ್ನ ಪುಸ್ತಕದಲ್ಲಿ ಬರೆದುಕೋ. ಒಂದು ವಾರ ನಿನ್ನದೇ ಪತ್ರಿಕೆಯಲ್ಲಿ ‘ಮೀರಿ’ ಬಂದ ಸಾಲುಗಳನ್ನೂ ಹಾಗೆಯೇ ಕತ್ತರಿಸಿ ಅಂಟಿಸು. ಎಲ್ಲೆ ಯಾವುದೆಂದು ಸಿಗದ ಸಾಲುಗಳನ್ನು ಬೇರೆ ಹಾಳೆಯಲ್ಲಿಟ್ಟು ನನಗೆ ಕಳುಹಿಸು, ತಿದ್ದುವುದು ಹೇಗೆಂದು ಇಬ್ಬರೂ ನೋಡೋಣ.

ಮುಂದಿನ ಭಾನುವಾರ ರಜೆ ಸಿಕ್ಕರೆ ಮೆಮು ರೈಲಿಗೆ ಬಾ. ದೊಡ್ಡಮ್ಮ ಹುರುಳಿಕಾಳು ಬಸ್ಸಾರು ಮಾಡುತ್ತಾಳಂತೆ.

ಇಂತಿ ನಿನ್ನ
ದೊಡ್ಡಪ್ಪ